ಹಲಗೆಯ ಹನ್ನೆರಡನೇ ಹೆಸರು

ಕಿಟ್ವೆ
14 ಮಾರ್ಚ್ 1996

ಇಲಿ ತಿನ್ನುವ ಕುಲದ ಹೆಡ್‌ಮಾಸ್ಟರ್ ಹೊಸಿಯಾ ಜೆರೆಗೆ,

ವಯಸ್ಸಿನಲ್ಲಿ ನೀನು ನನ್ನ ಅಪ್ಪನ ಸಮ. ಆದರೂ ನೀನು ಅಂತಲೇ ಬರೆಯುತ್ತೇನೆ. ನಾನು ಬೆಂಬಾ ಕುಲದವಳು, ನೀನು ಅಂಗೋನಿ ಕುಲದವನು. ನಮ್ಮ ಮುತ್ತಜ್ಜಂದಿರು ಈಟಿ ಹಿಡಿದು ಹೊಡೆದಾಡಿ ಸುಸ್ತಾಗಿ, ಇನ್ನು ಮುಂದೆ ನಾಲಿಗೆಯಲ್ಲೇ ಹೊಡೆದಾಡಿಕೊಂಡಿರೋಣ ಎಂದು ರಾಜಿಯಾದರಂತೆ. ಅಂದಿನಿಂದ ನಾವು ಕಸಿನ್‌ಗಳು. ಕಸಿನ್ ಏನೇ ಬೈದರೂ ಬೇಸರ ಮಾಡಿಕೊಳ್ಳುವ ಹಾಗಿಲ್ಲ, ಸತ್ತವರನ್ನು ಆಡಿಕೊಂಡು ಜನರನ್ನು ನಗಿಸುವುದೂ ಕಸಿನ್ನರದೇ ಕೆಲಸ.

ಆದರೂ ಹೋದ ತಿಂಗಳು ನಿನ್ನ ತಮ್ಮನ ಮಣ್ಣಿನ ದಿನ ನಾನು ಮಾಡಿದ್ದು ಹೆಚ್ಚಾಯಿತೇನೋ ಎಂದು ಇನ್ನೂ ಕೊರೆಯುತ್ತಿದೆ. ಕಾಲೇಜಿಗೆ ವಿದ್ಯಾರ್ಥಿಗಳನ್ನು ಹುಡುಕಿಕೊಂಡು ವ್ಯಾನಿನಲ್ಲಿ ನಿಮ್ಮ ಶಾಲೆಗೆ ಬಂದವಳು ನಾನು. ನೀನು ಬಾಗಿಲಲ್ಲೇ ಹಿಡಿದು, "ನೀನು ಬೆಂಬಾನಾ? ದೇವ್ರೇ ಕಳಿಸಿದ. ನನ್ನ ತಮ್ಮ ಸತ್ತಿದಾನೆ, ಅವನನ್ನ ಆಡಿಕೊಳ್ಳೋಕೆ ಈ ಊರಲ್ಲಿ ಒಬ್ಬ ಕಸಿನ್ನೂ ಇಲ್ಲ, ನಡಿ" ಅಂದೆ. ನಾನು ಶವಪೆಟ್ಟಿಗೆಗೆ ಅಡ್ಡ ನಿಂತು, "ಏಳೋ ಸೋಮಾರಿ, ಇಲಿಗಳೆಲ್ಲ ಬಿಲದಿಂದ ಹೊರಗೆ ಬಂದು ನಿನ್ನ ದಾರಿ ಕಾಯ್ತಾ ಇವೆ" ಎಂದು ಕೂಗಿದೆ. ಹಿಂದಿನ ಸಾಲಿನಲ್ಲಿ ಅಳುತ್ತಿದ್ದ ಒಂದು ಹುಡುಗಿ ಪಕ್ಕನೆ ನಕ್ಕಳು, ಆಮೇಲೆ ಎಲ್ಲರೂ ನಕ್ಕರು. ಆ ನಗು ನೋಡಿದ ಮೇಲೆ ನನಗೆ ಧೈರ್ಯ ಬಂತು.

ಈಗ ಕೆಲಸದ ಮಾತು. ನಮ್ಮ ವೃತ್ತಿ ತರಬೇತಿ ಕಾಲೇಜಿನ ಅರ್ಜಿಗಳನ್ನು ಇದರ ಜೊತೆ ಇಟ್ಟಿದ್ದೇನೆ. ಔಷಧಾಲಯ ಸಹಾಯಕರ ಕೋರ್ಸು ಒಂದು ವರ್ಷದ್ದು, ಜುಲೈನಲ್ಲಿ ಶುರು. ಮುಗಿಸಿದವರನ್ನು ಆಸ್ಪತ್ರೆಗಳು ಕರೆದು ಕೆಲಸ ಕೊಡುತ್ತವೆ. ನಾನು ಪ್ರವೇಶ ವಿಭಾಗಕ್ಕೆ ಸೇರಿ ಎರಡೇ ತಿಂಗಳಾಯಿತು, ಆದರೆ ಇಷ್ಟು ಮನಸ್ಸಿಟ್ಟು ಹಿಂದೆಂದೂ ಕೆಲಸ ಮಾಡಿಲ್ಲ. ನಿನ್ನ ಶಾಲೆಯ ಹಳೆಯ ಮಕ್ಕಳಲ್ಲಿ ಬುದ್ಧಿವಂತರಿದ್ದರೆ ಕಳಿಸು. ಅಂಗೋನಿಗಳಲ್ಲಿ ಅಂಥವರು ಸಿಗುವುದು ಕಷ್ಟವೆಂದು ನನಗೂ ಗೊತ್ತಿದೆ.

ನಿನ್ನ ಒಡತಿ,
ಚಿಶಿಂಬಾ ಕಪೆಂಬ್ವಾ


ಕಮ್ಜೂಲೆ ಶಾಲೆ, ಚಿಪಾಟಾ ಹಾದಿ
9 ಏಪ್ರಿಲ್ 1996

ಕೋತಿ ಬೇಯಿಸುವ ಕಪೆಂಬ್ವಾ,

ನಿನ್ನ ಕಾಗದ ಬಂದಾಗ ಲಕೋಟೆಗೆ ಕೋತಿಬಾಲದ ವಾಸನೆ ಇತ್ತು, ಎರಡು ದಿನ ಬಿಸಿಲಿಗೆ ಇಟ್ಟು ಆಮೇಲೆ ಒಡೆದೆ.

ಮಣ್ಣಿನ ದಿನದ ವಿಷಯ ಮನಸ್ಸಿಗೆ ಹಚ್ಚಿಕೊಳ್ಳಬೇಡ. ನೀನು ಬರದಿದ್ದರೆ ನನ್ನ ತಮ್ಮ ಅನಾಥನ ಹಾಗೆ ಹೋಗುತ್ತಿದ್ದ. ಬರೀ ಅಳು ಕೇಳಿಸಿಕೊಂಡು ಹೋಗುವುದು ಒಂದು ಹೋಗುವಿಕೆಯೇ? ನನ್ನ ಸರದಿ ಬಂದಾಗಲೂ ನೀನೇ ಬರಬೇಕು. ನನ್ನ ಕಿವಿ ದೊಡ್ಡದು, ಅದರ ಬಗ್ಗೆ ಹೇಳಲು ಬೇಕಾದಷ್ಟು ಸಿಗುತ್ತದೆ. ಈಗಲೇ ಬರೆದಿಟ್ಟುಕೊಂಡಿರು.

ನಿನ್ನ ಅರ್ಜಿಗಳನ್ನು ನೋಡಿದೆ. ಇಲ್ಲಿ ಹನ್ನೆರಡನೇ ತರಗತಿ ಮುಗಿಸಿದ ಒಂದು ಹುಡುಗಿ ಇದ್ದಾಳೆ. ವಿಜ್ಞಾನದಲ್ಲಿ ಜಾಣೆ, ಕೈ ಶುದ್ಧ, ಅಕ್ಷರ ದುಂಡಗಿದೆ. ಅವಳಿಗೆ ಔಷಧದ ಕೆಲಸ ಎಂದರೆ ಇಷ್ಟ. ಆದರೆ ನನಗೆ ಒಂದು ಮಾತು ತಿಳಿಯಬೇಕು, ಇದರಲ್ಲಿ ತಮಾಷೆ ಬೇಡ. ನಿಮ್ಮ ಸರ್ಟಿಫಿಕೇಟಿಗೆ ಸರಕಾರದ ಮಂಡಳಿಯ ಒಪ್ಪಿಗೆ ಇದೆಯೇ?

ನಿನ್ನ ನಿಜವಾದ ಒಡೆಯ,
ಹೊಸಿಯಾ ಜೆರೆ


ಕಿಟ್ವೆ
2 ಮೇ 1996

ಕಸಿನ್,

ತಮಾಷೆ ಬೇಡ ಅಂದೆ, ಅದಕ್ಕೆ ನೆಟ್ಟಗೆ ಹೇಳುತ್ತೇನೆ. ಒಪ್ಪಿಗೆ ಇದೆ. ಮಂಡಳಿಯ ಪತ್ರ ನನ್ನ ಮೇಜಿನ ಎದುರಿನ ಗೋಡೆಯ ಮೇಲೆ ಗಾಜಿನ ಚೌಕಟ್ಟಿನಲ್ಲಿ ತೂಗುತ್ತಿದೆ. ಬಂದ ತಂದೆತಾಯಿಗಳನ್ನೆಲ್ಲ ಮೊದಲು ಅದರ ಮುಂದೆ ನಿಲ್ಲಿಸುತ್ತೇನೆ. ಬೆಳಿಗ್ಗೆ ಬಟ್ಟೆಯಿಂದ ಅದರ ದೂಳು ಒರೆಸುವವಳೂ ನಾನೇ.

ನಮ್ಮಲ್ಲಿ ಒಂದು ಕರಿಹಲಗೆ ಇದೆ. ಪ್ರವೇಶ ವಿಭಾಗದ ನಾಲ್ಕು ಜನರಿಗೂ ಅದರಲ್ಲಿ ಒಂದೊಂದು ಕಾಲಂ. ಒಬ್ಬ ವಿದ್ಯಾರ್ಥಿ ಬಂದು ಸೇರಿದ ಎಂದರೆ ನಮ್ಮ ಕಾಲಮ್ಮಿನಲ್ಲಿ ಅವನ ಹೆಸರು ಬರೆಯುತ್ತೇವೆ, ಎಲ್ಲರೂ ಎದ್ದು ಚಪ್ಪಾಳೆ ತಟ್ಟುತ್ತಾರೆ. ಜುಲೈ ಮೊದಲ ವಾರದೊಳಗೆ ತಲಾ ಹನ್ನೆರಡು ಹೆಸರು ಆಗಬೇಕು. ನನ್ನದು ಈಗ ಏಳು. ನಿನ್ನ ಹುಡುಗಿ ಬಂದರೆ ನಾನೇ ಜೋರಾಗಿ ತಟ್ಟುತ್ತೇನೆ.

ಚಿಶಿಂಬಾ


ಕಮ್ಜೂಲೆ
25 ಮೇ 1996

ಹಲಗೆಯ ರಾಣಿಗೆ,

ಅರ್ಜಿ ತುಂಬಿ ಕಳಿಸಿದ್ದೇನೆ. ಹುಡುಗಿಯ ಹೆಸರು ತೊಕೊಝಿಲೆ. ಜುಲೈ ಒಂದಕ್ಕೆ ಬಸ್ಸಿನಲ್ಲಿ ಬರುತ್ತಾಳೆ. ಬೇರೆ ಕಡೆಯಿಂದಲೂ ಒಂದು ಕರೆ ಬಂದಿತ್ತು, ಆದರೆ ನಿನ್ನ ಗಾಜಿನ ಚೌಕಟ್ಟಿನ ಮಾತು ಕೇಳಿದ ಮೇಲೆ ಅವಳ ಮನಸ್ಸು ನಿಮ್ಮ ಕಡೆಗೇ ವಾಲಿದೆ. ಅವಳನ್ನು ಕೋತಿ ಮಾಂಸದ ಹತ್ತಿರ ಬಿಡಬೇಡ.

ಹೊಸಿಯಾ


ಕಿಟ್ವೆ
11 ಜೂನ್ 1996

ಇಲಿ ಬೇಟೆಗಾರರ ದೊರೆಗೆ,

ಈ ತಿಂಗಳಿಂದ ನಮ್ಮಲ್ಲಿ ಹೊಸ ಪದ್ಧತಿ ಬಂದಿದೆ. ಹೊರಗೆ ಹೋಗುವ ಕಾಗದಗಳನ್ನೆಲ್ಲ ಪ್ರಿನ್ಸಿಪಾಲರು ಓದಿ, ಮುದ್ರೆ ಒತ್ತಿ, ಆಮೇಲೆ ಅಂಟಿಸುತ್ತಾರೆ. ಕಾಲೇಜಿನ ಮರ್ಯಾದೆಗೋಸ್ಕರವಂತೆ. ನಮಸ್ಕಾರ ಸಾರ್, ಇದು ಕಸಿನ್‌ಗಳ ಕಾಗದ, ಇದರಲ್ಲಿ ಬೈಗುಳ ಬಿಟ್ಟು ಬೇರೇನೂ ಇರುವುದಿಲ್ಲ.

ಜೆರೆ, ಆ ಹುಡುಗಿಯನ್ನು ಕಳಿಸಬೇಡ. ಅಂಗೋನಿಗಳಿಗೆ ಓದು ಯಾಕೆ? ಹೊಲಕ್ಕೆ ಬೆಂಕಿ ಹಾಕಿ ಇಲಿ ಹಿಡಿದುಕೊಂಡು ಹಾಯಾಗಿರಿ. ಇಲ್ಲಿ ಬಂದರೆ ಅವಳಿಗೆ ಏನು ಸಿಗುತ್ತದೆ ಗೊತ್ತೇ? ಹೋದ ವಾರ ರಾಜಧಾನಿ ಲುಸಾಕಾದಿಂದ ನಿನ್ನ ಹಾಗೆಯೇ ದೊಡ್ಡ ಕಿವಿಯ ಮೂವರು ಸರಕಾರಿ ಜೀಪಿನಲ್ಲಿ ಬಂದು, ಗೋಡೆಯ ಮೇಲಿನ ಚೌಕಟ್ಟನ್ನು ಇಲಿ ಎಂದುಕೊಂಡು ಬಗಲಲ್ಲಿ ಅವುಚಿಕೊಂಡು ಹೋದರು. ಈಗ ಅಲ್ಲಿ ಒಂದು ಬಿಳಿ ಗುರುತು ಇದೆ, ಒಂದು ಹಲ್ಲಿ ಇದೆ. ಮುಂದಿನ ವರ್ಷ ನಿನ್ನ ಹುಡುಗಿಯ ಸರ್ಟಿಫಿಕೇಟಿಗೆ ಸಹಿ ಹಾಕುವುದು ಆ ಹಲ್ಲಿಯೇ. ಹಲ್ಲಿಯ ಸಹಿ ನೋಡಿ ಯಾವ ಆಸ್ಪತ್ರೆ ಕೆಲಸ ಕೊಡುತ್ತದೆಯೋ ಕೇಳಿಕೊಂಡು ಬಾ.

ಕಳಿಸಬೇಡ ಅಂದರೆ ಕಳಿಸಬೇಡ. ನನ್ನ ಮಾತು ಕೇಳು, ದಡ್ಡ ಅಂಗೋನಿ.

ಚಿಶಿಂಬಾ


ಕಮ್ಜೂಲೆ
29 ಜೂನ್ 1996

ಹಲ್ಲಿಯ ಗುಮಾಸ್ತೆಗೆ,

ಈ ಕಾಗದ ತೊಕೊಝಿಲೆಯ ಕೈಯಲ್ಲೇ ಬರುತ್ತಿದೆ. ಅವಳು ನಿನ್ನ ಎದುರು ನಿಂತಿರುತ್ತಾಳೆ.

ನಿನ್ನ ಹಲ್ಲಿ ಕಾಗದ ನಮ್ಮ ಇಡೀ ಊರನ್ನು ಸುತ್ತಿತು. ನನ್ನ ಕಣ್ಣು ಈಚೆಗೆ ಮಂಜು, ಮನೆಯಲ್ಲಿ ಇವಳೇ ಗಟ್ಟಿಯಾಗಿ ಓದಿದಳು. ದೊಡ್ಡ ಕಿವಿಯ ಮಾತು ಬಂದಾಗ ಇವಳಿಗೆ ಮುಂದೆ ಓದಲಾಗಲಿಲ್ಲ, ಹೊಟ್ಟೆ ಹಿಡಿದುಕೊಂಡು ಚಾಪೆಯ ಮೇಲೆ ಉರುಳಿದಳು. ಮಾರನೆಯ ದಿನ ಮೇಷ್ಟ್ರುಗಳ ಕೋಣೆಯಲ್ಲಿ ನಾನೇ ಬಾಯಿಪಾಠ ಒಪ್ಪಿಸಿದೆ. "ಈ ಬೆಂಬಾ ಹೆಂಗಸು ಅಂಗೋನಿ ಹುಡುಗೀನ ಎಷ್ಟು ಹೆದರಿಸ್ತಾಳೆ ನೋಡು, ಕಳಿಸಲೇಬೇಕು" ಎಂದು ಎಲ್ಲರೂ ಹೇಳಿದರು.

ಈಗ ಒಂದು ಗುಟ್ಟು. ತೊಕೊಝಿಲೆ ನನ್ನ ತಮ್ಮನ ಮಗಳು. ಮಣ್ಣಿನ ದಿನ ಹಿಂದಿನ ಸಾಲಿನಲ್ಲಿ ಪಕ್ಕನೆ ನಕ್ಕವಳು ಇವಳೇ. ನಮ್ಮ ಮನೆಯವಳೆಂದು ಮೊದಲೇ ಹೇಳಿದರೆ ದಾಕ್ಷಿಣ್ಯಕ್ಕೆ ಸೀಟು ಕೊಡುತ್ತೀಯೆಂದು ಹೇಳಿರಲಿಲ್ಲ. ಇನ್ನೊಂದು ಕರೆ ಬಂದಿತ್ತು ಎಂದೆನಲ್ಲ, ಅದು ಮಿಷನ್ ಆಸ್ಪತ್ರೆಯ ನರ್ಸಿಂಗ್ ಶಾಲೆಯದು. ಜುಲೈ ಹದಿನೈದರ ತನಕ ಅವಳ ಜಾಗ ಹಾಗೇ ಇಟ್ಟಿರುತ್ತೇವೆ ಎಂದು ಬರೆದಿದ್ದಾರೆ. ಅಷ್ಟರೊಳಗೆ ಹೋಗದಿದ್ದರೆ ಅದು ಬೇರೆಯವರ ಪಾಲು. ನಮಗೆ ಅದು ಬೇಡ. ನೀನಿರುವ ಕಡೆ ಅವಳಿದ್ದರೆ ನನಗೆ ನಿಶ್ಚಿಂತೆ.

ಅಪ್ಪನ ಮಣ್ಣಿನ ದಿನ ಅವಳನ್ನು ನಗಿಸಿದವಳು ನೀನು. ಅವಳನ್ನು ನಿನ್ನ ಕೈಗೆ ಹಾಕಿದ್ದೇನೆ.

ಹೊಸಿಯಾ


ಕಿಟ್ವೆ
8 ಜುಲೈ 1996

ಜೆರೆ ಮೇಷ್ಟ್ರಿಗೆ,

ತೊಕೊಝಿಲೆ ಸುಖವಾಗಿ ತಲುಪಿದ್ದಾಳೆ. ಹಾಸ್ಟೆಲಿನಲ್ಲಿ ಕಿಟಕಿಯ ಪಕ್ಕದ ಮಂಚ ಕೊಡಿಸಿದ್ದೇನೆ. ಬಿಳಿ ಕೋಟು ಹೊಲಿಸಿಕೊಂಡಿದ್ದಾಳೆ, ಚೆನ್ನಾಗಿ ಒಪ್ಪುತ್ತದೆ. ನೀವು ಚಿಂತೆ ಮಾಡಬೇಡಿ.

ಚಿಶಿಂಬಾ


ಕಮ್ಜೂಲೆ
3 ಆಗಸ್ಟ್ 1996

ಏನೇ ಕೋತಿ,

ನಿನ್ನ ಕಾಗದ ಓದಿ ಹೆದರಿಕೆಯಾಯಿತು. ನಾಲ್ಕು ಸಾಲು, ಅದರಲ್ಲಿ ಒಂದು ಬೈಗುಳವೂ ಇಲ್ಲ, ಮೇಲೆ 'ನೀವು' ಅಂತ ಬೇರೆ. ನಿನಗೆ ಹುಷಾರಿಲ್ಲವೇ? ಮಲೇರಿಯಾ ಏನಾದರೂ ಬಂದಿತ್ತೇ? ಗಂಡ ಹೊಡೆದನೇ? ಹೇಳು, ಅಂಗೋನಿ ಸೈನ್ಯ ಕಳಿಸುತ್ತೇನೆ.

ಒಣ ಇಲಿ ಒಂದು ಕಟ್ಟು ಬಸ್ಸಿನ ಡ್ರೈವರನ ಕೈಯಲ್ಲಿ ಕಳಿಸಿದ್ದೇನೆ. ಉಪ್ಪು ಹಾಕಿ ಹುರಿದು ನ್ಸೀಮಾ ಮುದ್ದೆಯ ಜೊತೆ ತಿನ್ನು, ಬಲ ಬರುತ್ತದೆ.

ಹೊಸಿಯಾ


ಕಮ್ಜೂಲೆ
17 ನವೆಂಬರ್ 1996

ಕಪೆಂಬ್ವಾ,

ಮೂರು ತಿಂಗಳಾಯಿತು. ಇಲಿ ತಿಂದು ಬಾಯಿ ಕಟ್ಟಿಹೋಯಿತೇ? ತೊಕೊಝಿಲೆಯ ಕಾಗದಗಳು ಬರುತ್ತಿವೆ. "ಚಿಶಿಂಬಾ ಅಮ್ಮ ನನ್ನನ್ನ ನೋಡಿದ್ರೆ ಇನ್ನೊಂದು ದಾರಿ ಹಿಡ್ಕೊಂಡು ಹೋಗ್ತಾರೆ" ಎಂದು ಬರೆದಿದ್ದಾಳೆ. "ಅವಳಿಗೆ ಕೈತುಂಬ ಕೆಲಸ ಕಣೇ, ಅಡ್ಡ ಹೋಗಬೇಡ" ಎಂದು ನಾನೇ ಸಮಾಧಾನ ಹೇಳಿ ಬರೆದೆ.

ತಪ್ಪಾಗಿ ಏನಾದರೂ ಅಂದೆನೇ? ಅಂದಿದ್ದರೂ ಬೇಸರ ಮಾಡಿಕೊಳ್ಳುವ ಹಕ್ಕು ನಿನಗಿಲ್ಲ, ನೆನಪಿರಲಿ.

ಹೊಸಿಯಾ


ಕಿಟ್ವೆ
20 ಫೆಬ್ರವರಿ 1997

ಮೇಷ್ಟ್ರೇ,

ಕೆಲಸ ಹೆಚ್ಚು, ಅದಕ್ಕೆ ಬರೆಯಲಾಗಲಿಲ್ಲ. ತೊಕೊಝಿಲೆ ತರಗತಿಗೇ ಮೊದಲನೆಯವಳು. ಇಲಿಗಳಿಗಾಗಿ ವಂದನೆ.

ಚಿಶಿಂಬಾ


ಕಿಟ್ವೆ
16 ಸೆಪ್ಟೆಂಬರ್ 1997

ಜೆರೆ ಮೇಷ್ಟ್ರೇ,

ಈ ಕಾಗದದ ಮೇಲೆ ಪ್ರಿನ್ಸಿಪಾಲರ ಮುದ್ರೆ ಇಲ್ಲ. ನಾನೇ ಅಂಚೆ ಕಚೇರಿಗೆ ಹೋಗಿ, ಅಂಚೆಚೀಟಿ ಕೊಂಡು, ಅಲ್ಲಿಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ನಮ್ಮ ಗೇಟಿನಿಂದ ಇಲ್ಲಿಗೆ ಹತ್ತು ನಿಮಿಷದ ನಡಿಗೆ. ಆ ಜೂನ್ ತಿಂಗಳಲ್ಲೂ ಇಷ್ಟೇ ದೂರವಿತ್ತು. ನಾನು ಬರಲಿಲ್ಲ.

ಹಲ್ಲಿ ಕಾಗದದಲ್ಲಿ ಬರೆದಿದ್ದೆಲ್ಲ ನಿಜ. ಮಂಡಳಿಯವರು ಬಂದು ಔಷಧ ಕೋರ್ಸಿನ ಒಪ್ಪಿಗೆ ವಾಪಸು ತೆಗೆದುಕೊಂಡು, ಆ ಚೌಕಟ್ಟನ್ನು ಗೋಡೆಯಿಂದ ಇಳಿಸಿಕೊಂಡು ಹೋಗಿದ್ದರು. "ಮೇಲ್ಮನವಿ ಹಾಕಿದೀವಿ, ಬರುತ್ತೆ, ಯಾರೂ ಬಾಯಿ ಬಿಡಬೇಡಿ, ಪ್ರವೇಶ ನಿಲ್ಲಿಸಬೇಡಿ" ಎಂದು ಪ್ರಿನ್ಸಿಪಾಲರು ಹೇಳಿದರು. ಅದಾದ ಎರಡನೇ ದಿನದಿಂದ ಕಾಗದಗಳನ್ನು ಓದಲು ಶುರು ಮಾಡಿದರು. ನನ್ನ ಕಾಗದವನ್ನು ಅರ್ಧ ಓದಿ, "ನಿಮ್ಮ ಬೆಂಬಾ ಅಂಗೋನಿ ಜಗಳ ಮುಗಿಯೋದೇ ಇಲ್ವಲ್ಲ" ಎಂದು ನಕ್ಕು ಮುದ್ರೆ ಒತ್ತಿದರು. ನಾನೂ ನಕ್ಕೆ.

ಆ ತಿಂಗಳೇ ಗಣಿಯವರು ನನ್ನ ಗಂಡನನ್ನು ಕೆಲಸದಿಂದ ತೆಗೆದಿದ್ದರು. ಇದನ್ನು ನಿಮಗೆ ಹೇಳಿರಲಿಲ್ಲ. ಮನೆಯಲ್ಲಿ ಐದು ಬಾಯಿ, ದುಡಿಯುವವಳು ನಾನೊಬ್ಬಳೇ. ಹಲಗೆಯಲ್ಲಿ ನನ್ನ ಕಾಲಂ ಹನ್ನೊಂದಕ್ಕೆ ನಿಂತಿತ್ತು. ಹನ್ನೆರಡಾಗದವರು ಮನೆಗೆ ಹೋಗಬೇಕಿತ್ತು.

ತಮಾಷೆಯಲ್ಲಿ ಹೇಳಿದರೆ ನೀವು ನಂಬುವುದಿಲ್ಲ ಎಂದು ನನಗೆ ಗೊತ್ತಿತ್ತು, ಮೇಷ್ಟ್ರೇ. ಹೇಳಿದ ಹಾಗೂ ಆಗುತ್ತದೆ, ಹುಡುಗಿ ಬಂದ ಹಾಗೂ ಆಗುತ್ತದೆ ಎಂದು ಮನಸ್ಸಿನ ಒಂದು ಮೂಲೆ ಲೆಕ್ಕ ಹಾಕಿತ್ತು. ಇದನ್ನು ನಾನು ಗಂಡನಿಗೂ ಹೇಳಿಲ್ಲ.

ಜುಲೈ ಒಂದರಂದು ತೊಕೊಝಿಲೆ ನಿಮ್ಮ ಕಾಗದ ಕೊಟ್ಟು ಎದುರಿಗೆ ನಿಂತಳು. ಮಣ್ಣಿನ ದಿನದ ಹುಡುಗಿ ಎಂದು ನಾನು ಗುರುತು ಹಿಡಿದೆ. ಹದಿನೈದರ ತನಕ ನರ್ಸಿಂಗ್ ಶಾಲೆಯ ಜಾಗ ಇರುತ್ತದೆ ಎಂದು ಓದಿದೆ. ಅವಳನ್ನು ಅದೇ ಬಸ್ಸಿಗೆ ಹತ್ತಿಸಬಹುದಿತ್ತು. ಆದರೆ ನಮ್ಮ ವಿಭಾಗದ ಹುಡುಗರು ಆಗಲೇ ಹನ್ನೆರಡನೇ ಹೆಸರು ಎಂದು ಚಪ್ಪಾಳೆ ಶುರು ಮಾಡಿಬಿಟ್ಟಿದ್ದರು. ತೊಕೊಝಿಲೆ ತನಗೇ ಮರ್ಯಾದೆ ಮಾಡುತ್ತಿದ್ದಾರೆಂದುಕೊಂಡು ಎರಡೂ ಕೈ ಜೋಡಿಸಿ, ಮಂಡಿ ಬಗ್ಗಿಸಿ ವಂದಿಸಿದಳು. ನಾನು ಸೀಮೆಸುಣ್ಣ ತೆಗೆದುಕೊಂಡು ಅವಳ ಹೆಸರು ಬರೆದೆ. ಆಮೇಲೆ ಹದಿನಾಲ್ಕು ದಿನ, ದಿನಾ ಬೆಳಿಗ್ಗೆ ಇವತ್ತು ಹೇಳುತ್ತೇನೆ ಎಂದು ಹೊರಡುತ್ತಿದ್ದೆ. ಜುಲೈ ಹದಿನಾರರ ಬೆಳಿಗ್ಗೆ ಇನ್ನು ಹೇಳಿ ಉಪಯೋಗವಿಲ್ಲ ಎನ್ನಿಸಿ ಮನಸ್ಸು ಹಗುರವಾಯಿತು. ಅದನ್ನು ನೆನೆಸಿಕೊಂಡರೆ ನನಗೆ ನನ್ನ ಮೇಲೇ ಹೇಸಿಗೆಯಾಗುತ್ತದೆ.

ಹೋದ ವಾರ ಅವಳು ಇಲ್ಲಿಯ ಆಸ್ಪತ್ರೆಗೆ ಕೆಲಸ ಕೇಳಲು ಹೋಗಿದ್ದಳು. ಅಲ್ಲಿಂದ ಬಿಳಿ ಕೋಟಿನಲ್ಲೇ ನೇರವಾಗಿ ನನ್ನ ಮೇಜಿಗೆ ಬಂದಳು.

"ಅಮ್ಮಾ, ಈ ಸರ್ಟಿಫಿಕೇಟು ಮಂಡಳಿ ಪಟ್ಟಿಯಲ್ಲೇ ಇಲ್ವಂತೆ. ಹೋದ ವರ್ಷ ಜೂನ್‌ನಲ್ಲೇ ತೆಗೆದುಹಾಕಿದಾರಂತೆ. ನಾನು ಸೇರಿದ್ದು ಜುಲೈ ಅಲ್ವಾ?"

"ಹೌದಮ್ಮ."

"ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು. ನಿಮ್ಮ ದೊಡ್ಡಪ್ಪನಿಗೆ ಬರೆದಿದ್ದೆ."

ಅವಳು ಗೋಡೆಯ ಮೇಲಿನ ಬಿಳಿ ಗುರುತಿನ ಕಡೆ ತಿರುಗಿದಳು. ಆಮೇಲೆ ಕೇಳಿದಳು, "ಆ ಹಲ್ಲಿ ಕಾಗದಾನಾ? ಅದನ್ನ ದೊಡ್ಡಪ್ಪಂಗೆ ಓದಿ ಹೇಳಿದ್ದೇ ನಾನು. ಎಷ್ಟು ನಕ್ಕಿದ್ವಿ ಗೊತ್ತಾ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ. ಊರಿಗೆ ಹೋಗಲು ನಾಚಿಕೆಯಾಗುತ್ತದೆ ಎಂದು ಹಾಸ್ಟೆಲಿನ ಗೆಳತಿಯೊಬ್ಬಳ ಮನೆಯಲ್ಲಿದ್ದಾಳೆ. ನೀವೇ ಬಂದು ಕರೆದುಕೊಂಡು ಹೋಗಿ. ನಾನು ಕರೆದರೆ ಬರುವುದಿಲ್ಲ.

ನಾನು ಇನ್ನೂ ಅದೇ ಮೇಜಿನಲ್ಲಿ ಕೆಲಸ ಮಾಡುತ್ತಿದ್ದೇನೆ. ಅದನ್ನೂ ಹೇಳಿಬಿಡುತ್ತೇನೆ, ಇನ್ನು ಮುಚ್ಚಿಡುವುದು ಏನೂ ಬೇಡ.

ಚಿಶಿಂಬಾ ಕಪೆಂಬ್ವಾ


ಕಮ್ಜೂಲೆ
22 ನವೆಂಬರ್ 1997

ಶ್ರೀಮತಿ ಚಿಶಿಂಬಾ ಕಪೆಂಬ್ವಾ ಅವರಿಗೆ,

ಅಕ್ಷರ ನೋಡಿ ನಿಮಗೆ ಗೊತ್ತಾಗಿರಬೇಕು. ನನ್ನ ಕಣ್ಣಿಗೆ ಈಗ ಗೆರೆ ಕಾಣುವುದಿಲ್ಲ. ನಾನು ಹೇಳುತ್ತಿದ್ದೇನೆ, ತೊಕೊಝಿಲೆ ಬರೆಯುತ್ತಿದ್ದಾಳೆ. ನಿಮ್ಮ ಕಾಗದ ಬಂದಾಗ ಶಾಲೆಯ ಮೇಷ್ಟ್ರೊಬ್ಬರು ಓದಿ ಹೇಳಿದ್ದರು, ಊರಿಗೆ ಬಂದ ಮೇಲೆ ಮತ್ತೆ ಓದಿ ಹೇಳಿದವಳು ಅವಳೇ. ಈ ಸಲ ನಡುವೆ ನಿಲ್ಲಿಸದೆ ಕೊನೆಯ ತನಕ ಓದಿದಳು.

ಅವಳನ್ನು ಅಕ್ಟೋಬರಿನಲ್ಲಿ ಕರೆದುಕೊಂಡು ಬಂದೆ. ನರ್ಸಿಂಗ್ ಶಾಲೆಗೂ ಹೋಗಿ ಕೈಮುಗಿದು ನಿಂತೆವು. ಒಮ್ಮೆ ಬೇಡ ಎಂದವರ ಹೆಸರನ್ನು ಮತ್ತೆ ತೆಗೆದುಕೊಳ್ಳುವ ಪದ್ಧತಿ ಅಲ್ಲಿ ಇಲ್ಲವಂತೆ. ಅಲ್ಲಿಯ ಸಿಸ್ಟರ್ ಒಳ್ಳೆಯವರು, ನಮಗೆ ಚಹಾ ಕೊಟ್ಟು ಕಳಿಸಿದರು. ಈಗ ಇವಳು ಮನೆಯಲ್ಲಿ ಶೇಂಗಾ ಸುಲಿಯುತ್ತಾಳೆ. ಬಿಳಿ ಕೋಟನ್ನು ಒಳಗಿನದು ಹೊರಗೆ ಮಾಡಿ ಹಾಕಿಕೊಂಡಿರುತ್ತಾಳೆ, ಮಣ್ಣಾದರೂ ಹೊರಮೈಗೆ ಕೊಳೆ ಹತ್ತುವುದಿಲ್ಲ ಎನ್ನುತ್ತಾಳೆ.

ನನ್ನ ತಪ್ಪನ್ನು ಮೊದಲು ಹೇಳುತ್ತೇನೆ. ಮೂವತ್ತೊಂದು ವರ್ಷ ಮಕ್ಕಳಿಗೆ ಓದಲು ಕಲಿಸಿದ್ದೇನೆ, ನನಗೇ ಒಂದು ಕಾಗದ ಓದಲು ಬರಲಿಲ್ಲ. ಕಳಿಸಬೇಡ ಎಂದು ನೀವು ಮೂರು ಸಲ ಬರೆದಿದ್ದೀರಿ. ಆಮೇಲೆ ಬೈಗುಳ ನಿಂತಾಗಲಾದರೂ ನನಗೆ ತಿಳಿಯಬೇಕಿತ್ತು. ನಾನು ಇಲಿ ಕಳಿಸಿದೆ.

ನಿಮ್ಮ ಗಂಡನ ಕೆಲಸ ಹೋದದ್ದಕ್ಕೆ ನನಗೆ ನಿಜವಾಗಿ ದುಃಖವಾಗಿದೆ. ನಿಮಗೆ ಭಯವಾಗಿತ್ತು ಎಂಬುದೂ ಅರ್ಥವಾಗುತ್ತದೆ. ಆದರೆ ಒಂದು ಮಾತು ಕೇಳುತ್ತೇನೆ. ನಿಮ್ಮ ಹಲಗೆಯಲ್ಲಿ ಇನ್ನೂ ಹನ್ನೊಂದು ಹೆಸರುಗಳಿದ್ದವು. ಆ ಮನೆಗಳಿಗೂ ಬರೆದಿರಾ? ಅಥವಾ ಆ ಮಕ್ಕಳ ಅಪ್ಪಂದಿರ ಮಣ್ಣಿಗೆ ನೀವು ಹೋಗಿರಲಿಲ್ಲ ಎಂದು ಬಿಟ್ಟಿರಾ? ಅಂಚೆ ಕಚೇರಿ ಈಗಲೂ ಹತ್ತು ನಿಮಿಷದ ದೂರದಲ್ಲೇ ಇದೆ. ನನ್ನಲ್ಲಿ ಕ್ಷಮೆ ಕೇಳುವುದರ ಬದಲು ಅಲ್ಲಿಗೆ ಹೋಗಿ.

ನಮ್ಮ ಹಿರಿಯರು ಈ ಸಂಬಂಧವನ್ನು ಮಾಡಿಟ್ಟದ್ದು ಎದುರಿಗಿರುವವರಿಗೆ ನೋವಾಗದ ಹಾಗೆ ನಿಜ ಹೇಳಲಿ ಎಂದು. ನೀವು ಅದರ ಹಿಂದೆ ಅಡಗಿ ಕೂತಿರಿ. ಕಸಿನ್ ಏನು ಮಾಡಿದರೂ ಬೇಸರ ಮಾಡಿಕೊಳ್ಳುವ ಹಾಗಿಲ್ಲ ಎಂಬುದು ನಿಯಮ. ಎರಡು ತಿಂಗಳು ಪ್ರಯತ್ನ ಮಾಡಿದೆ. ನನಗೆ ಬೇಸರವಾಗಿದೆ, ತುಂಬ ಬೇಸರವಾಗಿದೆ. ನಿಯಮವನ್ನು ಮುರಿಯುವ ಬದಲು ಸಂಬಂಧವನ್ನೇ ಬಿಟ್ಟುಬಿಡುತ್ತೇನೆ. ಇವತ್ತಿನಿಂದ ನೀವು ನನಗೆ ಕಸಿನ್ ಅಲ್ಲ. ಕಿಟ್ವೆಯಲ್ಲಿರುವ ಒಬ್ಬ ಪರಿಚಯದ ಹೆಂಗಸು.

ನನ್ನ ಮಣ್ಣಿಗೆ ಬರಬೇಕೆಂದು ನಿಮಗೆ ಹೇಳಿದ್ದೆ. ಅದನ್ನು ವಾಪಸು ತೆಗೆದುಕೊಳ್ಳುವುದಿಲ್ಲ, ಸಾವಿನ ಮನೆಗೆ ಯಾರನ್ನೂ ಬರಬೇಡ ಎನ್ನಬಾರದು. ಬನ್ನಿ. ಆದರೆ ನನ್ನ ಕಿವಿಯ ಬಗ್ಗೆ ಏನೂ ಹೇಳಬೇಡಿ, ಪೆಟ್ಟಿಗೆಗೆ ಅಡ್ಡ ನಿಲ್ಲಬೇಡಿ, ಯಾರನ್ನೂ ನಗಿಸಬೇಡಿ. ಹಿಂದಿನ ಸಾಲಿನಲ್ಲಿ ತೊಕೊಝಿಲೆಯ ಪಕ್ಕ ಜಾಗವಿದ್ದರೆ ಅಲ್ಲಿ ಕೂತು, ಉಳಿದವರ ಹಾಗೆ ಅತ್ತು ಹೋಗಿ.

ಹೊಸಿಯಾ ಜೆರೆ